ಬೆಟ್ಟದ ಮೇಲಿನ ಬಿಡುವು

ರೋಮ್ ನಗರದ ಆಗ್ನೇಯ ದಿಕ್ಕಿಗೆ, ಒಂದು ಗಳಿಗೆಯ ರೈಲು ಪ್ರಯಾಣದಷ್ಟು ದೂರದಲ್ಲಿ, ಆಲ್ಬನ್ ಬೆಟ್ಟಗಳು ಎದ್ದು ನಿಂತಿವೆ. ಇವು ಬಹುಕಾಲದಿಂದ ಸುಪ್ತವಾಗಿರುವ ಅಗ್ನಿಪರ್ವತದ ಅವಶೇಷಗಳು. ಲಾವಾ ಉಕ್ಕಿದ ಬಾಯಿಗಳಲ್ಲಿ ಈಗ ತಿಳಿನೀರಿನ ಸರೋವರಗಳಿವೆ. ಅಂಚುಗಳಲ್ಲಿ ದ್ರಾಕ್ಷಿ ತೋಟ, ಆಲಿವ್ ಮರ, ಚೆಸ್ಟ್‌ನಟ್ ಕಾಡು. ನಡುನಡುವೆ ಫ್ರಸ್ಕಾತಿ, ಮೊಂತೆ ಪೊರ್ತ್ಸಿಯೊ, ಮರೀನೊ, ಕಾಸ್ತೆಲ್ ಗಾಂದೊಲ್ಫೊ ಎಂಬ ಪುಟ್ಟ ಊರುಗಳು. ರೋಮಿನಲ್ಲಿ ಪಾದ್ರಿಗಳಾಗಲು ಓದುತ್ತಿದ್ದ ದೇಶದೇಶಗಳ ತರುಣರು ಶತಮಾನಗಳ ಕಾಲ ವರ್ಷಕ್ಕೊಮ್ಮೆ ಪುಸ್ತಕ ಮುಚ್ಚಿ, ಪೆಟ್ಟಿಗೆ ಕಟ್ಟಿ, ಈ ಊರುಗಳಿಗೆ ಹೋಗಿ ಕೆಲವು ವಾರಗಳನ್ನು ಕಳೆಯುತ್ತಿದ್ದರು. ಚರ್ಚಿನ ಚರಿತ್ರೆಯನ್ನು ಬರೆಯುವವರು ಪೋಪರ ಆಯ್ಕೆ, ಮಹಾಸಭೆ, ಭಿನ್ನಮತಗಳ ಕಡೆಗೆ ಗಮನ ಕೊಡುವುದು ಸಹಜ. ವಿದ್ಯಾರ್ಥಿಗಳ ರಜೆಯ ಮಾತು ಅಲ್ಲಿ ಅಡಿಟಿಪ್ಪಣಿಯಾಗಿ ಬಂದರೆ ಹೆಚ್ಚು. ಆದರೆ ಆ ಬಿಡುವು ಹುಟ್ಟಿದ್ದು ಏಕೆ, ಅದು ಯಾರಿಗೆ ದೊರೆಯಿತು, ಯಾರಿಗೆ ದೊರೆಯಲಿಲ್ಲ ಎಂದು ಕೇಳುತ್ತ ಹೋದರೆ ನಾವು ಅನಿರೀಕ್ಷಿತವಾದ ಕಡೆಗಳಿಗೆ ತಲುಪುತ್ತೇವೆ. ಅವುಗಳಲ್ಲಿ ಒಂದು ನಮ್ಮ ಸಿಕಂದರಾಬಾದು.

ಮೊದಲಿಗೆ ಒಂದು ವ್ಯತ್ಯಾಸವನ್ನು ಗುರುತಿಸಿಕೊಳ್ಳಬೇಕು. ಗುರುಮಠದ ವಿದ್ಯಾರ್ಥಿ ವರ್ಷಕ್ಕೊಮ್ಮೆ ಕೆಲವು ದಿನ ಮೌನವಾಗಿದ್ದು, ಆತ್ಮಪರೀಕ್ಷೆ ಮಾಡಿಕೊಂಡು, ಹಿರಿಯ ಗುರುವೊಬ್ಬರ ಮಾರ್ಗದರ್ಶನದಲ್ಲಿ ಧ್ಯಾನದಲ್ಲಿ ತೊಡಗುವುದುಂಟು. 16ನೇ ಶತಮಾನದಲ್ಲಿ ಇಗ್ನೇಷಿಯಸ್ ಲೊಯೊಲಾ ರೂಪಿಸಿದ ಸಾಧನಾಕ್ರಮ ಇದಕ್ಕೆ ಮಾದರಿ. ಇದನ್ನು ಏಕಾಂತವಾಸ ಎನ್ನೋಣ. ಬೆಟ್ಟದ ಊರಿಗೆ ಹೋಗುವುದು ಬೇರೆ. ಅದಕ್ಕೆ ಇಟಾಲಿಯನ್ನರು ‘ವಿಲ್ಲೆಜಾತೂರಾ’ ಎನ್ನುತ್ತಾರೆ: ನಗರವನ್ನು ಬಿಟ್ಟು ಹಳ್ಳಿಯ ಮನೆಯಲ್ಲಿ ಬೇಸಗೆ ಕಳೆಯುವುದು ಎಂದು ಅದರ ಅರ್ಥ. ಒಂದರಲ್ಲಿ ಮನಸ್ಸಿಗೆ ಕೆಲಸ, ಇನ್ನೊಂದರಲ್ಲಿ ಮೈಮನಸ್ಸುಗಳೆರಡಕ್ಕೂ ವಿರಾಮ. ಆದರೂ ಆಚರಣೆಯಲ್ಲಿ ಇವೆರಡೂ ಒಂದರೊಳಗೊಂದು ಬೆರೆತುಹೋದವು. ನಮ್ಮ ‘ವಿಹಾರ’ ಎಂಬ ಪದ ಸನ್ಯಾಸಿಗಳ ವಾಸಸ್ಥಾನಕ್ಕೂ ಸಂಜೆಯ ಸುತ್ತಾಟಕ್ಕೂ ಸಲ್ಲುವುದನ್ನು ನೆನೆದರೆ, ಈ ಬೆರಕೆ ಕನ್ನಡಿಗರಿಗೆ ವಿಚಿತ್ರವಾಗಿ ತೋರದು.

ಈ ಬಿಡುವಿನ ಮೂಲದಲ್ಲಿ ಇದ್ದದ್ದು ಭಯ. ರೋಮನ್ನು ಸುತ್ತುವರಿದ ‘ಕಂಪಾನ್ಯಾ’ ಎಂಬ ಬಯಲು ಜೌಗುಗಳಿಂದ ತುಂಬಿತ್ತು. ಬೇಸಗೆಯ ನಡುವಿನಿಂದ ಶರತ್ಕಾಲದವರೆಗೆ ಅಲ್ಲಿ ಚಳಿಜ್ವರ ಕಾಲಿಟ್ಟಿತೆಂದರೆ ಬಡವ ಬಲ್ಲಿದ ಎಂಬ ಭೇದ ಉಳಿಯುತ್ತಿರಲಿಲ್ಲ. ಜೌಗಿನಿಂದ ಏಳುವ ಕೆಟ್ಟ ಗಾಳಿಯೇ ಜ್ವರಕ್ಕೆ ಕಾರಣವೆಂದು ಜನ ನಂಬಿದ್ದರು. ಇಟಾಲಿಯನ್ನಿನಲ್ಲಿ ‘ಮಾಲಾ ಆರಿಯಾ’ ಎಂದರೆ ಕೆಟ್ಟ ಗಾಳಿ. ಇಂದು ಜಗತ್ತೆಲ್ಲ ಬಳಸುವ ಮಲೇರಿಯಾ ಎಂಬ ಹೆಸರು ಈ ನಂಬಿಕೆಯ ಪಳೆಯುಳಿಕೆ. ಗಾಳಿ ಕೆಟ್ಟದ್ದಾದರೆ ಪರಿಹಾರವೂ ಸರಳ: ಒಳ್ಳೆಯ ಗಾಳಿ ಬೀಸುವ ಎತ್ತರಕ್ಕೆ ಏರಬೇಕು. ಪುರಾತನ ರೋಮಿನ ಸಿರಿವಂತರು ಹಾಗೆಯೇ ಮಾಡಿದ್ದರು. ಮೊಂತೆ ಪೊರ್ತ್ಸಿಯೊದ ಎದುರಿಗಿರುವ ಟಸ್ಕುಲಮ್ ಗುಡ್ಡದ ಸೀಮೆಯಲ್ಲಿ ಸಿಸೆರೊನ ಮನೆಯಿತ್ತು. ಅವನ ಲ್ಯಾಟಿನ್ ಭಾಷೆಯಲ್ಲಿ ‘ಓಟಿಯಮ್’ ಎಂದರೆ ಬಿಡುವು. ವ್ಯವಹಾರಕ್ಕೆ ‘ನೆಗೋಟಿಯಮ್’, ಅಂದರೆ ಬಿಡುವಿಲ್ಲದಿರುವುದು. ಕೆಲಸವನ್ನು ಬಿಡುವಿನ ಅಭಾವವೆಂದು ಕರೆದ ಆ ಭಾಷೆಯಲ್ಲೇ ಮುಂದೆ ಗುರುಮಠಗಳ ಪಾಠಪ್ರವಚನಗಳೆಲ್ಲ ನಡೆದವು.

1623ರ ಬೇಸಗೆಯಲ್ಲಿ ಈ ಭಯ ವ್ಯಾಟಿಕನ್ನಿನ ಒಳಮನೆಗೇ ಬಂತು. ಹದಿನೈದನೆಯ ಗ್ರೆಗರಿ ತೀರಿಕೊಂಡ ಮೇಲೆ ಹೊಸ ಪೋಪರನ್ನು ಆರಿಸಲು ಕಾರ್ಡಿನಲ್ಲರು ಜುಲೈ ತಿಂಗಳ ಸೆಕೆಯಲ್ಲಿ ಬಾಗಿಲು ಹಾಕಿಕೊಂಡು ಕುಳಿತರು. ಜ್ವರ ಒಬ್ಬೊಬ್ಬರನ್ನೇ ಹಿಡಿಯತೊಡಗಿತು; ಹಲವರು ಹಾಸಿಗೆ ಹಿಡಿದರು, ಕೆಲವರು ಅದರಿಂದ ಏಳಲೇ ಇಲ್ಲ. ಆಗಸ್ಟ್ 6ರಂದು ಆಯ್ಕೆಯಾದ ಮಫೆಯೊ ಬರ್ಬೆರೀನಿ, ಅಂದರೆ ಎಂಟನೆಯ ಅರ್ಬನ್, ತಾನೂ ಕಾಯಿಲೆ ಬಿದ್ದುದರಿಂದ ಪಟ್ಟಾಭಿಷೇಕವನ್ನು ಮುಂದೂಡಬೇಕಾಯಿತು. ಕೆಲವೇ ವರ್ಷಗಳಲ್ಲಿ ಆತ ಆಲ್ಬಾನೊ ಸರೋವರದ ದಡದ ಕಾಸ್ತೆಲ್ ಗಾಂದೊಲ್ಫೊದಲ್ಲಿ ಅರಮನೆ ಕಟ್ಟಿಸಿ, 1626ರಲ್ಲಿ ಅಲ್ಲಿ ಬೇಸಗೆ ಕಳೆದ ಮೊದಲ ಪೋಪ್ ಎನಿಸಿದ. ಮಾರನೆಯ ವರ್ಷ, 1627ರಲ್ಲಿ, ದೂರದೇಶಗಳಿಂದ ಬರುವ ತರುಣರನ್ನು ಗುರುಗಳನ್ನಾಗಿ ರೂಪಿಸಲು ರೋಮಿನಲ್ಲಿ ತನ್ನ ಹೆಸರಿನದೇ ಒಂದು ಕಾಲೇಜನ್ನು ಸ್ಥಾಪಿಸಿದ. ಅದು ಅರ್ಬನ್ ಕಾಲೇಜು. ಧರ್ಮಪ್ರಸಾರದ ಹೊಣೆ ಹೊತ್ತ ಪ್ರೊಪಗಾಂದಾ ಸಭೆಗೆ ಸೇರಿದ್ದು. ಬೆಟ್ಟದ ಮನೆ, ಪರದೇಶಿ ವಿದ್ಯಾರ್ಥಿಗಳ ಗುರುಮಠ, ಎರಡೂ ಹೀಗೆ ಒಬ್ಬನೇ ಪೋಪನ ಕಾಲದಲ್ಲಿ ಅಕ್ಕಪಕ್ಕದಲ್ಲಿ ಹುಟ್ಟಿದವು.

ಇಲ್ಲಿ ಕನ್ನಡನಾಡಿಗೆ ಒಂದು ನೇರ ಎಳೆಯಿದೆ. ಗೋವೆಯ ದಿವಾಡಿ ದ್ವೀಪದ ಬ್ರಾಹ್ಮಣ ಮೂಲದ ಮತ್ತೇವುಸ್ ದ ಕಾಸ್ತ್ರೊ ಎಂಬಾತನಿಗೆ ಪೋರ್ಚುಗೀಸ್ ಆಡಳಿತದ ಗೋವೆಯಲ್ಲಿ ಗುರುದೀಕ್ಷೆ ದೊರೆಯಲಿಲ್ಲ. ಆತ ರೋಮಿನವರೆಗೆ ಪ್ರಯಾಣ ಮಾಡಿ, ಪ್ರೊಪಗಾಂದಾ ಸಭೆಯ ಆಶ್ರಯದಲ್ಲಿ ಓದಿ, ಗುರುವಾಗಿ, 1637ರಲ್ಲಿ ಅದೇ ಎಂಟನೆಯ ಅರ್ಬನ್ನನ ಕಾಲದಲ್ಲಿ ಬಿಷಪ್ಪನಾದ. ಅವನಿಗೆ ವಹಿಸಿದ ಸೀಮೆಯ ಹೆಸರು ‘ಇದಾಲ್ಕಾನ್’. ಇದು ಆದಿಲ್ ಖಾನ್ ಎಂಬುದರ ಪೋರ್ಚುಗೀಸ್ ಅಪಭ್ರಂಶ. ಅಂದರೆ ವಿಜಯಪುರದ ಆದಿಲಶಾಹಿ ರಾಜ್ಯ. ಗೋವೆಯ ಅಧಿಕಾರಿಗಳು ಈ ನೇಮಕವನ್ನು ಸಹಿಸಲಿಲ್ಲ. ಕಾಸ್ತ್ರೊ ಅವರ ಗಡಿಯಾಚೆ, ಆದಿಲಶಾಹಿಗೆ ಸೇರಿದ್ದ ಡಿಚೋಲಿಯಲ್ಲಿ ನೆಲೆ ಮಾಡಿಕೊಂಡು, ಜಗಳ, ದೂರು, ಮರುಪ್ರಯಾಣಗಳಲ್ಲಿ ಆಯುಷ್ಯ ಸವೆಸಿ, 1677ರಲ್ಲಿ ರೋಮಿನಲ್ಲೇ ತೀರಿಕೊಂಡ. ಬಿಡುವು ಎಂಬುದು ಎಲ್ಲ ವಿದ್ಯಾರ್ಥಿಗಳ ಪಾಲಿಗೂ ಒಂದೇ ಅಳತೆಯಲ್ಲಿ ಬರಲಿಲ್ಲ ಎಂಬುದಕ್ಕೆ ಈತನ ಬಾಳು ಮೊದಲ ಸಾಕ್ಷಿ.

ಬಿಡುವನ್ನು ತುಂಬು ಮನಸ್ಸಿನಿಂದ ಅನುಭವಿಸಿ, ಅದನ್ನು ಬರೆದಿಟ್ಟವರಲ್ಲಿ ಮುಖ್ಯನಾದವನು ನಿಕೊಲಾಸ್ ವೈಸ್‌ಮನ್. ರೋಮಿನ ಇಂಗ್ಲಿಷ್ ಕಾಲೇಜು 1579ರಷ್ಟು ಹಳೆಯದು. 1798ರಲ್ಲಿ ಫ್ರೆಂಚ್ ಸೇನೆ ನಗರವನ್ನು ಹಿಡಿದಾಗ ಅದು ಮುಚ್ಚಿಹೋಗಿ, ಇಪ್ಪತ್ತು ವರ್ಷ ಪಾಳುಬಿದ್ದಿತ್ತು. ಅದನ್ನು ಮತ್ತೆ ತೆರೆಯಲು ಇಂಗ್ಲೆಂಡಿನಿಂದ ಬಂದ ತರುಣರ ಗುಂಪಿನಲ್ಲಿ ಹದಿನಾರು ವರ್ಷದ ವೈಸ್‌ಮನ್ ಒಬ್ಬ. ಲಿವರ್‌ಪೂಲಿನಲ್ಲಿ ಹಡಗು ಹತ್ತಿದ ಈ ಹುಡುಗರು ರೋಮ್ ತಲುಪಿದ್ದು 1818ರ ಡಿಸೆಂಬರ್ 18ರಂದು. ಕಾಲೇಜಿಗೆ ಮೊಂತೆ ಪೊರ್ತ್ಸಿಯೊದಲ್ಲಿ ಹಿಂದಿನಿಂದಲೂ ಒಂದು ಮನೆಯಿತ್ತು. ರಜೆ ಬಂದಾಗ ಎಲ್ಲರೂ ಅಲ್ಲಿಗೆ. ಮುಂದೆ ಇದೇ ಕಾಲೇಜಿನ ಮುಖ್ಯಸ್ಥನಾಗಿ, 1850ರಲ್ಲಿ ಕಾರ್ಡಿನಲ್ ಪದವಿಗೇರಿ, ವೆಸ್ಟ್‌ಮಿನ್‌ಸ್ಟರಿನ ಮೊದಲ ಆರ್ಚ್‌ಬಿಷಪ್ ಆದ ವೈಸ್‌ಮನ್, ತಾನು ಕಂಡ ನಾಲ್ವರು ಪೋಪರನ್ನು ಕುರಿತು 1858ರಲ್ಲಿ ಪ್ರಕಟಿಸಿದ ನೆನಪುಗಳಲ್ಲಿ ಈ ಹಳ್ಳಿಮನೆಗೂ ಜಾಗ ಕೊಟ್ಟಿದ್ದಾನೆ. ಪೋಪರ ನಡುವೆ ಒಂದು ಹಳ್ಳಿ ನುಸುಳಿ ಬಂದದ್ದನ್ನು ನೋಡಿದರೆ, ಅದು ಅವನ ಮನಸ್ಸಿನಲ್ಲಿ ಎಷ್ಟು ಆಳಕ್ಕೆ ಇಳಿದಿತ್ತೆಂದು ತಿಳಿಯುತ್ತದೆ.

ಇಂಗ್ಲಿಷರಿಗೆ ಮೊಂತೆ ಪೊರ್ತ್ಸಿಯೊ ಇದ್ದಂತೆ ಸ್ಕಾಟರಿಗೆ ಮರೀನೊ, ಜರ್ಮನ್ ಕಾಲೇಜಿನವರಿಗೆ ಸಾನ್ ಪಸ್ತೋರೆ, ಅಮೆರಿಕನ್ನರಿಗೂ ಪ್ರೊಪಗಾಂದಾದವರಿಗೂ ಕಾಸ್ತೆಲ್ ಗಾಂದೊಲ್ಫೊ. ಜರ್ಮನ್ ಕಾಲೇಜಿನ ಹುಡುಗರು ತಲೆಯಿಂದ ಕಾಲಿನವರೆಗೆ ಕೆಂಪು ನಿಲುವಂಗಿ ತೊಡುತ್ತಿದ್ದುದರಿಂದ ರೋಮಿನ ಜನ ಅವರನ್ನು ‘ಬೆಂದ ಸೀಗಡಿಗಳು’ ಎಂದು ಗೇಲಿ ಮಾಡುತ್ತಿದ್ದರು. ಬೆಟ್ಟದ ದಾರಿಯ ಹಸುರಿನಲ್ಲಿ ಅಂಥ ಒಂದು ಸಾಲು ಸಾಗುವುದನ್ನು ಕಲ್ಪಿಸಿಕೊಂಡರೆ ಗೇಲಿಯ ಹಿಂದಿನ ಅಕ್ಕರೆಯೂ ಅರ್ಥವಾಗುತ್ತದೆ.

ಅಲ್ಲಿ ದಿನಗಳು ಹೇಗೆ ಕಳೆಯುತ್ತಿದ್ದವು? ಬೆಳಗಿನ ಧ್ಯಾನ ಮತ್ತು ಪೂಜೆ, ಸಂಜೆಯ ಜಪಸರ ರಜೆಯಲ್ಲೂ ತಪ್ಪುವಂತಿರಲಿಲ್ಲ. ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಉಣ್ಣಬೇಕು. ಇವೆರಡರ ನಡುವಿನ ದೀರ್ಘ ಹಗಲು ಮಾತ್ರ ಅವರದು. ನಗರದಲ್ಲಿ ಬೀದಿಗಿಳಿದರೆ ಗುಂಪಾಗಿ, ಸಾಲಾಗಿ ನಡೆಯಬೇಕಾದವರು ಇಲ್ಲಿ ಇಬ್ಬಿಬ್ಬರಾಗಿ ಮಾತನಾಡುತ್ತ ಮೈಲಿಗಟ್ಟಲೆ ಅಲೆಯಬಹುದಿತ್ತು. ಟಸ್ಕುಲಮ್ಮಿನ ಅವಶೇಷಗಳ ನಡುವೆ ಕುಳಿತು ಸಿಸೆರೊನನ್ನು ಓದಬಹುದಿತ್ತು. 1191ರಲ್ಲಿ ರೋಮಿನವರು ಆ ಊರನ್ನು ನೆಲಸಮ ಮಾಡಿದ ಮೇಲೆ ಅಲ್ಲಿ ಉಳಿದದ್ದು ಕಲ್ಲು ಮತ್ತು ಗಾಳಿ. ಸಮೀಪದಲ್ಲೇ ಕಮಾಲ್ದೊಲಿ ಪಂಥದ ಸನ್ಯಾಸಿಗಳ ಆಶ್ರಮ. ಒಬ್ಬೊಬ್ಬರಿಗೂ ಒಂದೊಂದು ಗುಡಿಸಲು, ಆಜೀವ ಮೌನ. ಕೆಲವು ವಾರ ಬಿಡುವು ಪಡೆದು ಬಂದ ತರುಣನಿಗೆ, ಬಾಳನ್ನೇ ಏಕಾಂತಕ್ಕೆ ಕೊಟ್ಟವರ ನೆರೆಹೊರೆ ಒಂದು ಪಾಠವಾಗಿರಲೇಬೇಕು. ಟ್ರೆಂಟಿನ ಮಹಾಸಭೆ 1563ರಲ್ಲಿ ಪ್ರತಿ ಧರ್ಮಪ್ರಾಂತ್ಯದಲ್ಲೂ ಗುರುಮಠ ಇರಬೇಕೆಂದು ವಿಧಿಸಿದಾಗ ಬೆಟ್ಟದ ರಜೆಯನ್ನು ಯಾರೂ ಉದ್ದೇಶಿಸಿರಲಿಲ್ಲ. ಜ್ವರದಿಂದ ಪಾರಾಗಲು ಹಿಡಿದ ದಾರಿ ಕಾಲಕ್ರಮದಲ್ಲಿ ಶಿಕ್ಷಣದ ಅಂಗವೇ ಆಗಿಬಿಟ್ಟಿತು. ಮಳೆಗಾಲದಲ್ಲಿ ನಡೆದಾಡುವುದು ಕಷ್ಟವೆಂದು ಒಂದೆಡೆ ತಂಗಿದ ನಮ್ಮ ಯತಿಗಳ ರೂಢಿ ಚಾತುರ್ಮಾಸ್ಯ ವ್ರತವಾದದ್ದೂ ಹೀಗೆಯೇ ಅಲ್ಲವೆ?

ಈವರೆಗೆ ನಾವು ಬೆಟ್ಟ ಹತ್ತಿದವರ ಕಥೆ ಹೇಳಿದೆವು. ಅದೇ ದಾರಿಯಲ್ಲಿ, ಅದೇ ತಿಂಗಳುಗಳಲ್ಲಿ, ಕೆಳಗೆ ಇಳಿಯುತ್ತಿದ್ದವರೂ ಇದ್ದರು.

ಕಂಪಾನ್ಯಾದ ಬಯಲು ಬೆಳೆಯಿಲ್ಲದ ನೆಲವಾಗಿರಲಿಲ್ಲ. ದೊಡ್ಡ ದೊಡ್ಡ ಹಿಡುವಳಿಗಳಾಗಿ ಅದು ಹಂಚಿಹೋಗಿತ್ತು. ಒಡೆಯರಲ್ಲಿ ಮುಖ್ಯರು ಹಳೆಯ ಶ್ರೀಮಂತ ಮನೆತನಗಳು ಮತ್ತು ಚರ್ಚಿನ ಸಂಸ್ಥೆಗಳು. ಒಡೆಯರು ಅಲ್ಲಿ ವಾಸಿಸುತ್ತಿರಲಿಲ್ಲ. ಗುತ್ತಿಗೆದಾರರ ಮೂಲಕ ಬೇಸಾಯ ನಡೆಯುತ್ತಿತ್ತು. ಗೋಧಿಯ ಕೊಯ್ಲಿಗೆ ಆಳುಗಳು ಬರುತ್ತಿದ್ದುದು ಆಚೆಯ ಎತ್ತರದ ಬೆಟ್ಟನಾಡುಗಳಿಂದ. ‘ಕಪೊರಾಲೆ’ ಎಂಬ ಮೇಸ್ತ್ರಿ ಹಳ್ಳಿಗಳಲ್ಲಿ ಮುಂಗಡ ಕೊಟ್ಟು ಜನರನ್ನು ಕೂಡಿಸುತ್ತಿದ್ದ. ಗಂಡಸರು, ಹೆಂಗಸರು, ಮಕ್ಕಳು ಗುಂಪುಗುಂಪಾಗಿ ಇಳಿದುಬಂದು ಹುಲ್ಲಿನ ಗುಡಿಸಲುಗಳಲ್ಲೋ ಬಯಲಿನಲ್ಲೋ ಮಲಗಿ, ಜ್ವರದ ಕಾಲದಲ್ಲೇ ಕೆಲಸ ಮಾಡಬೇಕಿತ್ತು. ಗೋಧಿ ಮಾಗುವುದೂ ಸೊಳ್ಳೆ ಹೆಚ್ಚುವುದೂ ಒಂದೇ ಋತುವಿನಲ್ಲಿ. ಒಳ್ಳೆಯ ಗಾಳಿಯ ಊರಿನಲ್ಲಿ ಹುಟ್ಟಿದವರು ಹೊಟ್ಟೆಪಾಡಿಗಾಗಿ ಕೆಟ್ಟ ಗಾಳಿಗೆ ಇಳಿಯುತ್ತಿದ್ದರು. ಕೆಟ್ಟ ಗಾಳಿಯ ನಗರದಲ್ಲಿ ಓದುತ್ತಿದ್ದವರು ಅವರ ಬೆಟ್ಟಗಳಿಗೆ ಏರುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೂ ಇಟಲಿಯಲ್ಲಿ ಮಲೇರಿಯಾಕ್ಕೆ ವರ್ಷಕ್ಕೆ ಸಾವಿರಾರು ಜನ ಬಲಿಯಾಗುತ್ತಿದ್ದರು. ವಿದ್ಯಾರ್ಥಿಗಳ ತಟ್ಟೆಗೆ ಬಂದ ರೊಟ್ಟಿ ಯಾರ ಕೊಯ್ಲಿನದೆಂದು ಬೆಟ್ಟದ ಜಗುಲಿಯಲ್ಲಿ ಕುಳಿತು ನೋಡಿದ್ದರೆ ಕಾಣದೆ ಇರುತ್ತಿರಲಿಲ್ಲ. ಕೆಳಗಿನ ಬಯಲು ಕಣ್ಣಿಗೆ ನೇರವಾಗಿತ್ತು. ಆ ತರುಣರನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ಬಿಡುವಿಗೂ ಒಂದು ಲೆಕ್ಕವಿರುತ್ತದೆ, ಆ ಲೆಕ್ಕವನ್ನು ತುಂಬಿದವರು ಬೇರೆಯವರು ಎಂಬುದನ್ನು ಚರಿತ್ರೆ ದಾಖಲಿಸಬೇಕು, ಅಷ್ಟೆ.

ಗಾಳಿಯ ಮೇಲಿದ್ದ ಆರೋಪ ಸುಳ್ಳೆಂದು ತಿಳಿದುಬಂದದ್ದು ನಮ್ಮ ದಖ್ಖನಿನಲ್ಲಿ. ಸೇನಾ ವೈದ್ಯ ರೊನಾಲ್ಡ್ ರಾಸ್ 1883ರಲ್ಲಿ ಬೆಂಗಳೂರಿನಲ್ಲಿದ್ದಾಗ, ಮನೆಯ ಸುತ್ತ ನಿಂತ ನೀರನ್ನು ಚೆಲ್ಲಿದರೆ ಸೊಳ್ಳೆಗಳು ಕಡಿಮೆಯಾಗುವುದನ್ನು ಗಮನಿಸಿದ್ದ. ಹದಿನಾಲ್ಕು ವರ್ಷಗಳ ಬಳಿಕ, 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ ಹುಸೇನ್ ಖಾನ್ ಎಂಬ ರೋಗಿಯ ರಕ್ತ ಹೀರಿದ್ದ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ಕಂಡ. ಸೊಳ್ಳೆಗಳಿಂದ ಕಚ್ಚಿಸಿಕೊಳ್ಳಲು ಆ ರೋಗಿಗೆ ಸೊಳ್ಳೆಗೆ ಒಂದಾಣೆಯಂತೆ ಕೂಲಿ ಸಿಕ್ಕಿತ್ತು. ಮರುವರ್ಷ ರೋಮಿನಲ್ಲಿ ಜೊವಾನಿ ಬತ್ತಿಸ್ತಾ ಗ್ರಾಸ್ಸಿ ಮತ್ತು ಅವನ ಸಹೋದ್ಯೋಗಿಗಳು ಮನುಷ್ಯರ ಮಲೇರಿಯಾವನ್ನು ಹರಡುವುದು ಅನಾಫಿಲಿಸ್ ಸೊಳ್ಳೆಯೆಂದು ತೋರಿಸಿದರು. ಇನ್ನೂ ಸಂಶಯಪಡುತ್ತಿದ್ದವರಿಗಾಗಿ 1900ರಲ್ಲಿ ಒಂದು ಪರೀಕ್ಷೆ ನಡೆಯಿತು. ಸಂಬೊನ್ ಮತ್ತು ಲೋ ಎಂಬ ಇಬ್ಬರು ವೈದ್ಯರು ಕಂಪಾನ್ಯಾದ ಓಸ್ತಿಯಾ ಸಮೀಪ, ಅತ್ಯಂತ ಅಪಾಯದ ಜಾಗದಲ್ಲಿ, ಜಾಲರಿ ಹೊಡೆದ ಮರದ ಮನೆಯೊಂದರಲ್ಲಿ ಜ್ವರದ ಋತುವನ್ನೆಲ್ಲ ಕಳೆದರು. ಹಗಲೆಲ್ಲ ಹೊರಗೆ ಓಡಾಡಿ, ಹೊತ್ತು ಮುಳುಗುವ ಮೊದಲು ಒಳಗೆ ಸೇರುತ್ತಿದ್ದರು. ರಾತ್ರಿಯ ‘ಕೆಟ್ಟ ಗಾಳಿ’ ಜಾಲರಿಯ ಮೂಲಕ ಧಾರಾಳವಾಗಿ ಬರುತ್ತಿತ್ತು. ಸೊಳ್ಳೆ ಮಾತ್ರ ಬರುತ್ತಿರಲಿಲ್ಲ. ಇಬ್ಬರಿಗೂ ಜ್ವರ ತಗುಲಲಿಲ್ಲ. ಬೆಟ್ಟ ಹತ್ತಿದವರು ಸರಿಯಾದ ಕೆಲಸವನ್ನೇ ಮಾಡಿದ್ದರು, ಕಾರಣ ಮಾತ್ರ ತಪ್ಪಾಗಿತ್ತು.

ಕಾರಣ ತಿಳಿದ ಮೇಲೆ ಕೆಳಗಿನವರ ಪಾಡೂ ನಿಧಾನವಾಗಿ ಬದಲಾಯಿತು. ಸರ್ಕಾರವೇ ಕ್ವಿನೈನನ್ನು ತಯಾರಿಸಿ ಮಾರುವ ಶಾಸನ 1900ರಲ್ಲಿ ಬಂತು. ಆಂಜೆಲೊ ಚೆಲ್ಲಿ ಎಂಬ ವೈದ್ಯ, ಅವನ ಪತ್ನಿ ಅನ್ನಾ, ಲೇಖಕರಾದ ಜೊವಾನಿ ಚೇನಾ ಮತ್ತು ಸಿಬಿಲ್ಲಾ ಅಲೆರಾಮೊ ಕಂಪಾನ್ಯಾದ ಗುಡಿಸಲುಗಳ ನಡುವೆ ಕೃಷಿಕೂಲಿಗಳಿಗಾಗಿ ಶಾಲೆಗಳನ್ನು ತೆರೆದರು. ಅಕ್ಷರ ಬಾರದವನು ಗುಳಿಗೆಯನ್ನೂ ನಂಬಲಾರನು ಎಂಬುದು ಅವರ ಅನುಭವವಾಗಿತ್ತು. ಇಟಲಿ ಮಲೇರಿಯಾಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದ್ದು 1970ರಲ್ಲಿ.

ಭಯ ಹೋದ ಮೇಲೆ ಬೆಟ್ಟದ ಬಿಡುವೂ ಹೋಗಬೇಕಿತ್ತು. ಹೋಗಲಿಲ್ಲ. 1920ರಲ್ಲಿ ಇಂಗ್ಲಿಷ್ ಕಾಲೇಜಿನ ಮುಖ್ಯಸ್ಥ ಆರ್ಥರ್ ಹಿನ್‌ಸ್ಲಿ ಮೊಂತೆ ಪೊರ್ತ್ಸಿಯೊದ ಹಳೆಯ ಮನೆಗೆ ಬದಲಾಗಿ ಆಲ್ಬಾನೊ ಸರೋವರದ ಕಡಿದಾದ ಅಂಚಿನ ಮೇಲಿದ್ದ ಪಲಾತ್ಸೊಲಾ ಎಂಬ ಮಧ್ಯಯುಗದ ಮಠವನ್ನು ಕೊಂಡ. ಸಿಸ್ಟರ್ಸಿಯನ್ನರು, ಅವರ ನಂತರ ಫ್ರಾನ್ಸಿಸ್ಕನ್ನರು ಬಾಳಿದ್ದ ಆ ಕಲ್ಲುಮಠದ ಎದುರಿಗೆ, ಸರೋವರದ ಆಚೆ ದಡದಲ್ಲಿ, ಪೋಪರ ಅರಮನೆ. ಸೊಳ್ಳೆಯ ಸಂಗತಿ ಎಲ್ಲರಿಗೂ ಗೊತ್ತಿದ್ದ ಕಾಲದಲ್ಲಿ ಒಂದು ಗುರುಮಠ ಹಣ ಕೊಟ್ಟು ಬಿಡುವಿನ ಮನೆಯನ್ನು ಕೊಂಡಿತೆಂದರೆ, ಬಿಡುವು ಆ ಹೊತ್ತಿಗೆ ತನ್ನ ಕಾಲ ಮೇಲೆ ತಾನೇ ನಿಲ್ಲಬಲ್ಲದ್ದಾಗಿತ್ತು ಎಂದೇ ಅರ್ಥ. ವಿದ್ಯಾರ್ಥಿಗಳು ಈಜಿದರು, ಮೊಂತೆ ಕಾವೊ ಶಿಖರಕ್ಕೆ ಹೋಗುವ ಪುರಾತನ ರೋಮನ್ ಕಲ್ಲುದಾರಿಯನ್ನು ಹತ್ತಿದರು, ಮಠದ ಅಂಗಳದಲ್ಲಿ ಇಂಗ್ಲಿಷಿನ ಹಗುರ ಸಂಗೀತನಾಟಕಗಳನ್ನು ಆಡಿದರು. ಮುಂದೆ ಒಂಟಿಯಾಗಿ ಯಾವುದೋ ಕೈಗಾರಿಕಾ ಪಟ್ಟಣದ ಮಸಿಹಿಡಿದ ಬೀದಿಯಲ್ಲಿ ಗುರುಗಳಾಗಿ ನಿಲ್ಲಬೇಕಾದವರಿಗೆ ಆ ಅಂಗಳದ ಗೆಳೆತನವೇ ಬುತ್ತಿ.

ನಮ್ಮ ಕಡೆಗೂ ಈ ಮಾದರಿ ಬಂದಿದೆ. ಯೇಸುಸಭೆಯವರು 1895ರಲ್ಲಿ ಕೊಡೈಕನಾಲಿನ ಕೆಳಗಿನ ಶೆಂಬಗನೂರಿನಲ್ಲಿ ತಮ್ಮ ಗುರುಮಠವನ್ನು ಕಟ್ಟಿದರು. ಭಾರತದ ಗುರುವಿದ್ಯಾರ್ಥಿಗಳಿಗಾಗಿ ಪೋಪ್ ಹದಿಮೂರನೆಯ ಲಿಯೊ 1893ರಲ್ಲಿ ಸ್ಥಾಪಿಸಿದ ಪೇಪಲ್ ಸೆಮಿನರಿ ಮೊದಲು ಇದ್ದದ್ದು ಸಿಂಹಳದ ಬೆಟ್ಟನಾಡಾದ ಕ್ಯಾಂಡಿಯಲ್ಲಿ; ಪುಣೆಗೆ ಬಂದದ್ದು 1955ರಲ್ಲಿ. ಸರ್ಕಾರಿ ನೌಕರಿಯಲ್ಲಿರುವ ನಮ್ಮಂಥವರಿಗೆ ಇದರ ಇನ್ನೊಂದು ಮುಖ ಚೆನ್ನಾಗಿ ಗೊತ್ತು. 1864ರಿಂದ ಬ್ರಿಟಿಷ್ ಸರ್ಕಾರ ಬೇಸಗೆ ಬಂತೆಂದರೆ ಕಡತಗಳ ಸಮೇತ ಶಿಮ್ಲಾ ಹತ್ತುತ್ತಿತ್ತು. ಆ ಕಡತದ ಪೆಟ್ಟಿಗೆಗಳನ್ನು ಬೆನ್ನ ಮೇಲೆ ಹೊತ್ತ ಹಮಾಲರಿಗೆ ಬೆಟ್ಟದ ಗಾಳಿ ತಂಪಾಗಿತ್ತೆಂದು ಯಾರೂ ಬರೆದಿಟ್ಟಂತಿಲ್ಲ.

ಬೆಟ್ಟದ ಮನೆಗಳ ಬಾಗಿಲು ಕೆಳಗಿನವರಿಗಾಗಿ ವಿಶಾಲವಾಗಿ ತೆರೆದದ್ದು ಯುದ್ಧದ ಕಾಲದಲ್ಲಿ. 1944ರ ಜನವರಿಯಲ್ಲಿ ಮಿತ್ರಪಡೆಗಳು ಆನ್ತ್ಸಿಯೊ ತೀರದಲ್ಲಿ ಇಳಿದವು. ಆಲ್ಬನ್ ಬೆಟ್ಟಗಳು ರಣರಂಗದ ಅಂಚಾದವು. ಸುತ್ತಲಿನ ಊರುಗಳ ಸಾವಿರಾರು ಜನ ಗಂಟುಮೂಟೆ, ದನಕರುಗಳೊಡನೆ ಕಾಸ್ತೆಲ್ ಗಾಂದೊಲ್ಫೊಗೆ ಬಂದರು. ಪೋಪರ ಅರಮನೆಯ ಕೋಣೆಗಳು ಅವರ ಪಾಲಿಗೆ ತೆರೆದವು. ಪೋಪರು ಮಲಗುತ್ತಿದ್ದ ಕೋಣೆ ಹೆರಿಗೆಮನೆಯಾಗಿ, ಅಲ್ಲಿ ಶಿಶುಗಳು ಹುಟ್ಟಿದವು. ಪಕ್ಕದ ಪ್ರೊಪಗಾಂದಾ ವಿದ್ಯಾರ್ಥಿಗಳ ಮನೆಯೂ ನಿರಾಶ್ರಿತರಿಂದ ತುಂಬಿತು. ಫೆಬ್ರವರಿ 10ರಂದು ಆ ಮನೆಯ ಮೇಲೆ ಮಿತ್ರಪಡೆಗಳ ಬಾಂಬು ಬಿತ್ತು. ಸತ್ತವರು ಸುಮಾರು 500. ಎಂಟನೆಯ ಅರ್ಬನ್ ಜ್ವರಕ್ಕೆ ಹೆದರಿ ಹತ್ತಿದ ಬೆಟ್ಟದಲ್ಲಿ, ಅವನ ಕಾಲೇಜಿನ ವಿದ್ಯಾರ್ಥಿಗಳು ವಿಶ್ರಮಿಸುತ್ತಿದ್ದ ಸೂರಿನ ಕೆಳಗೆ, ಬಯಲಿನ ಜನ ಆಶ್ರಯ ಬೇಡಿ ಬಂದು ಸತ್ತರು.

ಪೋಪ್ ಫ್ರಾನ್ಸಿಸ್ ಬೇಸಗೆಗೂ ರೋಮನ್ನು ಬಿಡದೆ, 2016ರಲ್ಲಿ ಕಾಸ್ತೆಲ್ ಗಾಂದೊಲ್ಫೊದ ಅರಮನೆಯನ್ನು ಸಾರ್ವಜನಿಕರಿಗೆ ತೆರೆದುಕೊಟ್ಟರು. ಅವರ ಉತ್ತರಾಧಿಕಾರಿ ಹದಿನಾಲ್ಕನೆಯ ಲಿಯೊ 2025ರ ಜುಲೈಯಲ್ಲಿ ಮತ್ತೆ ಆ ಊರಿಗೆ ಹೋಗಿ ತಂಗಿದರು. ಅರಮನೆ ಮಾತ್ರ ವಸ್ತುಸಂಗ್ರಹಾಲಯವಾಗಿಯೇ ಉಳಿಯಿತು. ಬಿಡುವು ಬೇಕು, ಅದು ಎಲ್ಲರಿಗೂ ಬೇಕು ಎಂಬ ಎರಡು ಮಾತುಗಳ ನಡುವಿನ ದೂರವನ್ನು ನಾಲ್ಕು ಶತಮಾನಗಳ ಬಳಿಕವೂ ಆ ಬೆಟ್ಟ ಅಳೆಯುತ್ತಲೇ ಇದೆ.

ಹೈದರಾಬಾದಿನ ಬೇಗಂಪೇಟೆಯಲ್ಲಿ ರಾಸ್ ಕೆಲಸ ಮಾಡಿದ ಕಟ್ಟಡ ಇಂದಿಗೂ ಇದೆ. ಆ ದಾರಿಯಲ್ಲಿ ಹಾದುಹೋಗುವಾಗ ನಮಗೆ ಆಲ್ಬಾನೊ ಸರೋವರ ನೆನಪಾಗುತ್ತದೆ. ಜೊತೆಗೆ, ಸೊಳ್ಳೆಗೆ ಒಂದಾಣೆಯಂತೆ ಎಣಿಸಿಕೊಂಡ ಹುಸೇನ್ ಖಾನನೂ ನೆನಪಾಗುತ್ತಾನೆ.